ಹಂಡೆಯ ಹಿಂದಿನ ಸಂದಿ

ನನ್ನ ಗಂಡನ ಹೆಸರು ನಾಗಭೂಷಣ. ನಮ್ಮ ಊರಿನಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನೂ ಇಷ್ಟು ವರ್ಷ ಹೇಳಿರಲಿಲ್ಲ. ಈಗ ಹೇಳುತ್ತೇನೆ, ಬೇಕಾದರೆ ಬೀದಿಯ ನಡುವೆ ನಿಂತು ಇನ್ನೊಂದು ಸಲ ಕೂಗಿ ಹೇಳುತ್ತೇನೆ. ಇವತ್ತಿನ ಮಟ್ಟಿಗೆ ಬಹುವಚನವನ್ನೂ ಬಿಟ್ಟಿದ್ದೇನೆ. ದನಿ ನನ್ನದು, ಒದ್ದಾಡಿ ವಾಪಸು ಪಡೆದದ್ದು. ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ.

ಈ ನಾಗಭೂಷಣ ಸಿಮೆಂಟು ಅಂಗಡಿಯಲ್ಲಿ ಗುಮಾಸ್ತ. ದಿನವಿಡೀ ಸಿಮೆಂಟಿನ ಮೂಟೆಗಳ ನಡುವೆ ಕೂತು, ಸಂಜೆ ಹುಬ್ಬಿನ ಮೇಲೆಲ್ಲ ಬೂದು ಧೂಳು ಮೆತ್ತಿಕೊಂಡು ಮನೆಗೆ ಬರುವ ಮನುಷ್ಯ. ಇಂಥವನ ಮನೆಯ ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯ ಹಿಂದೆ, ಗೋಡೆ ನೆಲಕ್ಕೆ ಸೇರುವ ಕಡೆ ಎರಡು ಬೆರಳು ತೂರುವಷ್ಟು ಸಂದಿ. ಒಂದು ಹಿಡಿ ಸಿಮೆಂಟು ತಂದು ಅಲ್ಲಿಗೆ ಬಡಿಯಿರಿ ಎಂದು ನಾನು ಈ ಮನೆಗೆ ಬಂದಾಗಿನಿಂದ ಹೇಳುತ್ತಿದ್ದೇನೆ. 'ಆಯ್ತು ಕಣೇ, ನಾಳೆ' ಎನ್ನುತ್ತಾನೆ. ಆ ಮಾತನ್ನು ಗೋಡೆಗೆ ಅಷ್ಟು ಸಲ ಹೇಳಿದ್ದರೆ ಗೋಡೆಯೇ ನಾಚಿಕೊಂಡು ತನ್ನ ಸಂದಿ ತಾನೇ ಮುಚ್ಚಿಕೊಳ್ಳುತ್ತಿತ್ತು.

ಬೇರೆ ಊರುಗಳಲ್ಲಿ ಗೋಡೆಯಲ್ಲಿ ಸಂದಿಯಿದ್ದರೆ ಏನಾಗುತ್ತದೋ ನನಗೆ ಗೊತ್ತಿಲ್ಲ. ನಮ್ಮ ಊರಿನಲ್ಲಿ ಜೀರುಂಡೆ ಬರುತ್ತದೆ. ಬಂದ ಜೀರುಂಡೆ, ಮೈಯಿಂದ ಬಿಚ್ಚಿ ಒಗೆಯದೆ ಬಿಟ್ಟ ಬಟ್ಟೆಯನ್ನು ತಿಂದರೆ, ಆ ಬಟ್ಟೆ ತೊಟ್ಟವರ ದನಿ ಹೋಗುತ್ತದೆ. ಅದು ಮನೆಯಲ್ಲಿರುವಷ್ಟು ದಿನ ಅದು ಹಾಡುತ್ತದೆ, ಇವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಜೀವಂತ ಹಿಡಿದು ನಾಲೆಯ ಆಚೆ ದಡದಲ್ಲಿ ಬಿಟ್ಟರೆ ದನಿ ವಾಪಸು ಬರುತ್ತದೆ. ಅದು ಸತ್ತರೆ ಮಾತ್ರ ಮುಗಿಯಿತು. ಯಾರಾದರೂ ತುಳಿದು ಸತ್ತರೂ ಅಷ್ಟೇ, ಮಾಗಿಯ ಚಳಿಗೆ ತಾನಾಗಿ ಸೆಟೆದು ಸತ್ತರೂ ಅಷ್ಟೇ. ಆಮೇಲೆ ಆ ಗಂಟಲಿನಿಂದ ಕೆಮ್ಮು ಬಿಟ್ಟರೆ ಇನ್ನೇನೂ ಬರುವುದಿಲ್ಲ.

ಅದಕ್ಕೇ ನಮ್ಮ ಊರಿನ ಮಕ್ಕಳು ಅಮ್ಮ, ಅಪ್ಪ ಎಂದ ಮೇಲೆ ಕಲಿಯುವ ಮಾತು 'ಡ್ರಮ್ಮು'. ಬಿಚ್ಚಿದ ಬಟ್ಟೆ ನೇರವಾಗಿ ಮುಚ್ಚಳ ಬಿಗಿಯಾದ ಡ್ರಮ್ಮಿಗೆ ಹೋಗಬೇಕು. ಮೊಳೆಗೆ ನೇತುಹಾಕುವಂತಿಲ್ಲ, ಕುರ್ಚಿಯ ಮೇಲೆ ಎಸೆಯುವಂತಿಲ್ಲ. ಹಳೆಯ ಸೈಕಲ್ ಟ್ಯೂಬು ಸೀಳಿ ಬಾಗಿಲಿನ ಕೆಳಗೆ ಮೊಳೆ ಹೊಡೆದಿರುತ್ತೇವೆ. ಸೌದೆಯನ್ನು ಗೋಡೆಗೆ ಒರಗಿಸಿ ಒಟ್ಟುವುದಿಲ್ಲ. ಯಾರದಾದರೂ ಮನೆಯ ಮೂಲೆಯಲ್ಲಿ ಒದ್ದೆ ಗೋಣಿಚೀಲ ಬಿದ್ದಿದ್ದರೆ ಇಡೀ ಬೀದಿ ಅವರಿಗೆ ಛೀಮಾರಿ ಹಾಕುತ್ತದೆ. ಬಾಗಿಲ ಮೇಲೆ ಬಿಳಿ ದೀಪಕ್ಕೆ ಹುಳ ಮುತ್ತುತ್ತದೆಂದು ಎಲ್ಲರ ಮನೆಯಲ್ಲೂ ಹಳದಿ ಬಲ್ಬು. ಒಳಗೆ ಮೂಲೆಮೂಲೆಗೆ ಬಟ್ಟಲು, ಅದರಲ್ಲಿ ಚೂರು ಬೆಲ್ಲ, ಬಟ್ಟಲಿನ ಒಳಮೈಗೆಲ್ಲ ಹರಳೆಣ್ಣೆ. ಇಳಿದದ್ದು ಮತ್ತೆ ಹತ್ತಲಾರದು. ಬೇರೆ ಕಡೆ ಮುಳುಗಿ ಸಾಯಲಿ ಎಂದು ಬೆಲ್ಲದ ನೀರನ್ನೇ ಇಡುತ್ತಾರಂತೆ. ಕೇಳಿದರೇ ನಮಗೆ ಎದೆ ಧಸಕ್ಕೆನ್ನುತ್ತದೆ. ಒಮ್ಮೆ ಪರವೂರಿನವನೊಬ್ಬ ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಹುಳಕ್ಕೆ ಔಷಧಿ ಹೊಡೆಯುತ್ತೇನೆ ಎಂದು ನಮ್ಮ ಬೀದಿಗೆ ಬಂದಿದ್ದ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಕೈಹಿಡಿದು ಕರೆದೊಯ್ದು ಬಸ್ಸು ಹತ್ತಿಸಿ ಬಂದೆವು.

ಇನ್ನೊಂದು ಕಟ್ಟಳೆಯಿದೆ. ದನಿ ಹೋಗುವಾಗ ಯಾವ ಮಾತು ಅರ್ಧಕ್ಕೆ ನಿಂತಿತ್ತೋ, ದನಿ ಬಂದವರು ಮೊದಲು ತಮ್ಮ ಹೊಸ್ತಿಲಲ್ಲಿ ನಿಂತು ಅದೇ ಮಾತನ್ನು ಮೊದಲಿನಿಂದ ಹೇಳಿ ಪೂರ್ತಿ ಮಾಡಬೇಕು. ಅದಕ್ಕೆ ಮುಂಚೆ ಬೇರೆ ಒಂದಕ್ಷರ ಆಡಿದರೂ ಬಂದ ದನಿ ನಿಲ್ಲುವುದಿಲ್ಲ. ಪಕ್ಕದ ಮನೆಯ ತಾಯಮ್ಮಜ್ಜಿಯ ಗಂಡನ ಮಾತು 'ಸಾರಿಗೆ ಉಪ್ಪು' ಎಂಬಲ್ಲಿಗೆ ನಿಂತಿತ್ತಂತೆ. ತಿಂಗಳ ಮೇಲೆ ದನಿ ಬಂದಾಗ ಬೀದಿಯವರೆಲ್ಲ ಸೇರಿದ್ದರು. ಆತ ಹೊಸ್ತಿಲಲ್ಲಿ ನಿಂತು 'ಸಾರಿಗೆ ಉಪ್ಪು ಜಾಸ್ತಿಯಾಗಿದೆ' ಎಂದ. ಅಜ್ಜಿ ಅಲ್ಲಿಯೇ ತಿರುಗಿ ಹೇಳಿದ್ದನ್ನು ಈಗಲೂ ಜನ ನೆನೆಸಿಕೊಂಡು ನಗುತ್ತಾರೆ.

ನನ್ನ ಹೆಸರು ಜಲಜಾಕ್ಷಿ. ನಮ್ಮ ಬೀದಿಗೆ ನೀರು ಹೊತ್ತುಗೊತ್ತಿಲ್ಲದೆ ಬರುತ್ತದೆ. ಮೊದಲು ಬರುವುದು ಇಳಿಜಾರಿನ ಕೆಳತುದಿಯಲ್ಲಿರುವ ನಮ್ಮ ನಲ್ಲಿಗೆ. ನಲ್ಲಿ ಬುಸ್ ಎಂದೊಡನೆ ನಾನು ಬಾಗಿಲಿಗೆ ಬಂದು 'ನೀರು ಬಂತ್ರೋ' ಎಂದು ಒಂದು ಕೂಗು ಹಾಕಿದರೆ ಮೇಲಿನ ತುದಿಯ ಮನೆಯವರೂ ಕೊಡ ಎತ್ತಿಕೊಂಡು ಓಡಿಬರುತ್ತಾರೆ. ಯಾರೂ ನನಗೆ ಈ ಕೆಲಸ ಕೊಟ್ಟದ್ದಲ್ಲ. ದೊಡ್ಡ ಗಂಟಲು ಇತ್ತು, ಕೂಗುತ್ತಿದ್ದೆ. ಅದೇ ಗಂಟಲಿನಿಂದ ಮನೆಯಲ್ಲೂ ಕೂಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಕೂಗದೆ ಕೆಲಸವಾಗುವ ಮನೆಯಾಗಿದ್ದರೆ ಯಾಕೆ ಕೂಗುತ್ತಿದ್ದೆ?

ಮುಂಗಾರು ಶುರುವಾಗುವ ಮುಂಚೆ ನಮ್ಮಲ್ಲಿ ಬೆಳಕು ನೋಡುವ ಸಂಜೆ ಎಂದು ಒಂದಿದೆ. ಅಂದು ಹಗಲೆಲ್ಲ ಗಂಡಸರು ಮನೆಯ ಸಂದುಗೊಂದು ಮುಚ್ಚುತ್ತಾರೆ. ಸೂರ್ಯ ಮುಳುಗಿದ ಮೇಲೆ ಒಳಗೆಲ್ಲ ದೀಪ ಹಚ್ಚಿಟ್ಟು, ಬಾಗಿಲು ಕಿಟಕಿ ಎಳೆದುಕೊಂಡು ಎಲ್ಲರೂ ಹೊರಗೆ ಬರುತ್ತೇವೆ. ಗೋಡೆಯಲ್ಲಿ ಎಲ್ಲಿಂದಾದರೂ ಬೆಳಕಿನ ಎಳೆ ಸೋರಿದರೆ ಅಲ್ಲಿ ಹುಳಕ್ಕೆ ದಾರಿಯಿದೆ ಎಂದು ಅರ್ಥ. ಒಬ್ಬರ ಮನೆಯನ್ನು ಇನ್ನೊಬ್ಬರು ಸುತ್ತಿ ನೋಡುತ್ತಾರೆ. ಪ್ರತಿ ವರ್ಷ ನಮ್ಮ ಬಚ್ಚಲಿನ ಮೂಲೆಯಿಂದ ಬೆಳಕು ಜರತಾರಿಯ ಹಾಗೆ ಹೊಳೆಯುತ್ತಿತ್ತು, ಪ್ರತಿ ವರ್ಷ ನಾನು ತಲೆ ತಗ್ಗಿಸುತ್ತಿದ್ದೆ. ಈ ವರ್ಷ ಅಲ್ಲಿ ಕತ್ತಲು. ಮಧ್ಯಾಹ್ನ ಇವನು ಒಳಗಿಂದ ಬಂದು 'ಮುಚ್ಚಾಯ್ತು ಕಣೇ, ಇನ್ನಾದ್ರೂ ಬಾಯ್ ಮುಚ್ಕೋ' ಎಂದಿದ್ದ. ಹೋಗಿ ಬಗ್ಗಿ ನೋಡಿದರೆ ಹಂಡೆಯ ಹಿಂದೆ ಬೆಳ್ಳಗೆ ಸುಣ್ಣ ಬಳಿದಿತ್ತು.

ತಾಯಮ್ಮಜ್ಜಿ ಮನೆ ಸುತ್ತಿ ಬಂದು, "ಅಲ್ವೇ ಜಲಜಾ, ನಿನ್ ಗಂಡ ಕೊನೆಗೂ ಮುಚ್ಚೇಬಿಟ್ನಲ್ಲೇ!" ಎಂದಳು. ನನಗೆ ಹೆಮ್ಮೆಯಾಯಿತು. ಆಗಬಾರದಿತ್ತು, ಆಯಿತು. ಬೀದಿಯವರೆಲ್ಲ ನಿಂತಿದ್ದಾರೆ, ಇವನೂ ಕೈಕಟ್ಟಿಕೊಂಡು ನಿಂತಿದ್ದಾನೆ. ನಾನು ಸೆರಗು ಸರಿಮಾಡಿಕೊಂಡು, "ನಮ್ಮೆಜಮಾನ್ರಂಥವ್ರು ಈ ಬೀದೀಲಿ" ಎಂದೆ. ಅಷ್ಟೇ. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು, ದನಿ ಇರಲಿಲ್ಲ. ಒಳಗೆಲ್ಲೋ ಒಂದು ಜೀರುಂಡೆ ಜೀರ್ ಎಂದು ಶುರುಮಾಡಿತು.

ಎಲ್ಲರೂ ಅಯ್ಯೋ ಪಾಪ ಎಂದರು. ಯಾರೂ ಇವನನ್ನು ಅನುಮಾನಿಸಲಿಲ್ಲ, ನಾನೂ ಅನುಮಾನಿಸಲಿಲ್ಲ. ಬೆಳಕು ಸೋರಿರಲಿಲ್ಲವಲ್ಲ! ನನ್ನ ನೇರಳೆ ರವಿಕೆಯೊಂದು ಆ ದಿನದಿಂದಲೇ ಕಾಣೆಯಾಗಿತ್ತು. ಡ್ರಮ್ಮಿಗೆ ಹಾಕಿದ್ದೆನೋ ಇಲ್ಲವೋ ಎಂದು ನನ್ನನ್ನು ನಾನೇ ಶಪಿಸಿಕೊಂಡು, ಹುಳ ಅದನ್ನು ಯಾವುದೋ ಬಿಲಕ್ಕೆ ಎಳೆದುಕೊಂಡು ಹೋಗಿದೆ ಎಂದುಕೊಂಡೆ. ಮನೆಯನ್ನೆಲ್ಲ ಜಾಲಾಡಿದೆ. ಅಟ್ಟದ ಮೇಲಿನ ಪಾತ್ರೆ ಇಳಿಸಿದೆ, ಅಕ್ಕಿ ಡಬ್ಬ ಸರಿಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ. ಈ ಹುಳದ ಕೂಗು ಎಲ್ಲಿಂದ ಬರುತ್ತದೆಂದು ಹೇಳಲಾಗುವುದಿಲ್ಲ. ಹತ್ತಿರ ಹೋದರೆ ನಿಲ್ಲುತ್ತದೆ, ತಿರುಗಿದರೆ ಬೆನ್ನ ಹಿಂದೆ ಹಾಡುತ್ತದೆ. ಇವನೂ ಟಾರ್ಚು ಹಿಡಿದು ನನ್ನ ಜೊತೆ ಹುಡುಕಿದ. "ನಿಂಗೆ ಮಂಡಿನೋವು, ಬಗ್ಗೋಕಾಗಲ್ಲ. ಬಚ್ಚಲು ನಾನ್ ನೋಡ್ತೀನಿ ಬಿಡು" ಎಂದ. ಎಷ್ಟು ವರ್ಷಕ್ಕೆ ನನ್ನ ಮಂಡಿ ನೆನಪಾಯಿತು ಇವನಿಗೆ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಆ ನೀರನ್ನು ನೆನೆಸಿಕೊಂಡರೆ ಈಗ ಮೈಯೆಲ್ಲ ಉರಿಯುತ್ತದೆ.

ಮಳೆಗಾಲ ಹಾಗೆಯೇ ಕಳೆಯಿತು. ನೀರು ಬಂದರೆ ನಾನು ತಟ್ಟೆ ಬಡಿಯುತ್ತಿದ್ದೆ. ಮಳೆಯ ಸದ್ದಿನಲ್ಲಿ ಅರ್ಧ ಬೀದಿಗೆ ಕೇಳಿಸುತ್ತಿರಲಿಲ್ಲ, ಕೊಡ ಖಾಲಿ ಉಳಿದವರು ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಮನೆಗೆ ಬಂದ ನೆಂಟರು ಮಾತ್ರ 'ಮನೆ ಎಷ್ಟು ಪ್ರಶಾಂತವಾಗಿದೆ' ಎನ್ನುತ್ತಿದ್ದರು, ನನ್ನೆದುರಿಗೇ. ಇವನು ಊಟದ ಹೊತ್ತಿಗೆ ಗುನುಗುನು ಹಾಡತೊಡಗಿದ. ಎರಡು ಸಲ ಪಲ್ಯ ಬಡಿಸಿಕೊಳ್ಳತೊಡಗಿದ. ಅವನ ಕೆನ್ನೆ ತುಂಬಿಕೊಂಡಿತು. ನಾನು ಕಣ್ಣಲ್ಲೇ ಬೈಯುತ್ತಿದ್ದೆ, ಅವನು ತಟ್ಟೆಯನ್ನೇ ನೋಡುತ್ತಿದ್ದ.

ಎದುರುಮನೆಯ ದಯಾನಂದ, ಊರಿನ ಸಹಕಾರಿ ಬ್ಯಾಂಕಿನಲ್ಲಿರುವವನು, ಒಂದು ದಿನ ನನಗೆ ಬುದ್ಧಿ ಹೇಳಿದ. "ಬೇಜಾರ್ ಮಾಡ್ಕೋಬೇಡಿ ಜಲಜಕ್ಕ. ಮಾತಿಲ್ದೆ ಇರೋದೂ ಒಂದು ತಪಸ್ಸೇ. ನಮ್ ಸುಗುಣನ್ನ ನೋಡಿ." ಅವನ ಹೆಂಡತಿ ಸುಗುಣ ಮಳೆಗಾಲದ ಆರಂಭದಲ್ಲೇ ಮೌನವ್ರತ ಹಿಡಿದಿದ್ದಾಳೆ, ಮನೆಗೆ ಒಳ್ಳೆಯದಾಗಲಿ ಎಂದು, ಹೀಗೆಂದು ಅವನೇ ಬೀದಿಗೆಲ್ಲ ಹೇಳಿದ್ದ. ಹೆಂಗಸರು ಅವಳಿಗೆ ಅರಿಶಿನ ಕುಂಕುಮ ಕೊಟ್ಟು ಕೈಮುಗಿಯುತ್ತಿದ್ದರು. ನಲ್ಲಿಯ ಹತ್ತಿರ ಒಮ್ಮೆ ಆ ಹುಡುಗಿ ನನ್ನ ಮಣಿಕಟ್ಟು ಹಿಡಿದುಕೊಂಡು ಬಿಡಲೇ ಇಲ್ಲ. ಪಾಪ, ನನ್ನ ಮೇಲಿನ ಕನಿಕರ ಎಂದುಕೊಂಡು ನಾನೇ ಮೆಲ್ಲಗೆ ಬಿಡಿಸಿಕೊಂಡೆ.

ದೀಪಾವಳಿ ಕಳೆದು ಬೆಳಗಿನ ಹೊತ್ತು ಇಬ್ಬನಿ ಬೀಳತೊಡಗಿತು. ನನಗೆ ಹೆದರಿಕೆ ಶುರುವಾದದ್ದು ಆಗ. ಜೀರುಂಡೆಯ ಕೂಗು ದಿನದಿನಕ್ಕೆ ಸಣ್ಣದಾಗುತ್ತಿತ್ತು, ನಡುವೆ ನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನು ಕೈಯಲ್ಲಿದ್ದ ಸೌಟನ್ನು ಹಾಗೆಯೇ ಹಿಡಿದು ನಿಲ್ಲುತ್ತಿದ್ದೆ, ಮತ್ತೆ ಜೀರ್ ಎಂದ ಮೇಲೆ ಉಸಿರು ಬಿಡುತ್ತಿದ್ದೆ. ಆ ಹಾಳು ಹುಳದ ಆಯಸ್ಸಿಗೆ ದೇವರಿಗೆ ಹರಕೆ ಕಟ್ಟಿಕೊಂಡೆ. ತಾಯಮ್ಮಜ್ಜಿ ಬಂದು ನನ್ನ ತಲೆ ಸವರಿ, "ಮಾಗಿ ಹತ್ರ ಬಂತು ಕಣೇ" ಎಂದಷ್ಟೇ ಹೇಳಿ ಹೋದಳು.

ಸೌತೆಕಾಯಿ ಕಾಣೆಯಾಗುತ್ತಿರುವುದನ್ನು ನಾನು ಗಮನಿಸಿದ್ದು ಆ ದಿನಗಳಲ್ಲೇ. ಕೋಸಂಬರಿಗೆಂದು ತಂದಿಟ್ಟ ಕಾಯಿಯ ತುದಿ ದಿನಾ ಕತ್ತರಿಸಿರುತ್ತಿತ್ತು. ನಾಗಭೂಷಣನಿಗೆ ಸೌತೆಕಾಯಿ ಆಗದು. ತಿಂದರೆ ನೆಗಡಿ ಎಂದು ಕೋಸಂಬರಿಯಲ್ಲಿ ಹೆಸರುಬೇಳೆ ಮಾತ್ರ ಆರಿಸಿ ತಿನ್ನುವ ಗಿರಾಕಿ. ಮನೆಯಲ್ಲಿರುವುದು ನಾವಿಬ್ಬರೇ. ಒಂದು ಭಾನುವಾರ ಮಧ್ಯಾಹ್ನ ಹಿಟ್ಟು ಬೀಸಿಸಿಕೊಂಡು ಬರುತ್ತೇನೆಂದು ಡಬ್ಬ ಎತ್ತಿಕೊಂಡು ಹೊರಟವಳು, ಗಿರಣಿಗೆ ಬೀಗ ಹಾಕಿದ್ದರಿಂದ ಅರ್ಧ ದಾರಿಯಿಂದ ವಾಪಸು ಬಂದೆ. ಹಿತ್ತಿಲ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಬಚ್ಚಲಿನಿಂದ ಇವನ ಮಾತು ಕೇಳಿಸಿತು.

ಹಂಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮಾತಾಡುತ್ತಿದ್ದ. "ತಿನ್ನು, ತಿನ್ನು. ನಿನ್ನೆ ಅಂಗಡೀಲಿ ಏನಾಯ್ತು ಗೊತ್ತಾ? ಸಾಹುಕಾರ ಎಲ್ಲರ ಎದುರಿಗೆ ನನ್ನ ಬೈದ. ನನ್ ತಪ್ಪೇ ಇರ್ಲಿಲ್ಲ ಅದರಲ್ಲಿ. ತುಂಬ ಬೇಜಾರಾಯ್ತು." ಹಂಡೆಯ ಹಿಂದಿನಿಂದ ಜೀರ್ ಎಂದು ಉತ್ತರ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಅಂಗಡಿಯಲ್ಲಿ ಏನಾಯಿತು ಎಂದು ನಾನು ಕೇಳಿದಾಗಲೆಲ್ಲ 'ಏನಿಲ್ಲ' ಎಂದ ಮನುಷ್ಯ ಇವನು. ಹುಳದ ಹತ್ತಿರ ಬೇಜಾರು ಹೇಳಿಕೊಳ್ಳುತ್ತಾನೆ! ನನ್ನ ದನಿಯನ್ನು ಹಂಡೆಯ ಹಿಂದೆ ಕೂಡಿಹಾಕಿ, ಅದಕ್ಕೆ ಸೌತೆಕಾಯಿ ತಿನ್ನಿಸಿ, ತಿರುಗಿ ಮಾತಾಡದಂತೆ ಮಾಡಿಕೊಂಡು, ಅದರ ಮುಂದೆ ಮನಸ್ಸು ಬಿಚ್ಚುತ್ತಾನೆ. ನನ್ನ ಕೈಯಿಂದ ಡಬ್ಬ ಬಿತ್ತು.

ಅವನು ಎದ್ದವನೇ ಗೋಡೆಗೆ ಆತುಕೊಂಡ. ನಾನು ಅವನನ್ನು ತಳ್ಳಿ, ಮಂಡಿನೋವನ್ನೂ ಲೆಕ್ಕಿಸದೆ ಬಗ್ಗಿದೆ. ಸುಣ್ಣದ ಪದರ ಉದುರಿ, ಸಂದಿಯೊಳಗೆ ತುರುಕಿದ ಬಟ್ಟೆ ಕಾಣುತ್ತಿತ್ತು. ನೇರಳೆ ಬಣ್ಣ. ಅಂಚಿನಲ್ಲಿ ನಾನೇ ಹಾಕಿದ ಹೊಲಿಗೆ. ಅದನ್ನು ಅಗಿದು ದಾರಿ ಮಾಡಿಕೊಂಡ ಜೀರುಂಡೆ, ಒಲೆಯ ಇಟ್ಟಿಗೆಯ ಬೆಚ್ಚಗಿನ ಮೂಲೆಯಲ್ಲಿ ಸೌತೆಕಾಯಿಯ ಹೋಳಿನ ಮೇಲೆ ಕೂತಿತ್ತು. ಮೀಸೆ ಆಡಿಸಿಕೊಂಡು ನನ್ನನ್ನೇ ನೋಡುತ್ತಿತ್ತು.

"ಬೇಕಂತ ಮಾಡಿದ್ದಲ್ಲ ಕಣೇ, ದೇವರಾಣೆ," ಎಂದು ಇವನು ಶುರುಮಾಡಿದ. "ಅವತ್ತು ಸಿಮೆಂಟು ತರೋದು ಮರ್ತೆ. ಸಂಜೆ ಎಲ್ಲಾ ನೋಡೋಕೆ ಬರ್ತಾರೆ ಅಂತ, ಕೈಗೆ ಸಿಕ್ಕಿದ್ದನ್ನ ತುರುಕಿ ಸುಣ್ಣ ಬಳಿದೆ. ನಿನ್ ರವಿಕೆ ಅಂತ ಆಮೇಲೆ ಗೊತ್ತಾಗಿದ್ದು."

ಕೈಗೆ ಸಿಕ್ಕಿದ್ದು! ತೊದಲು ಮಾತಾಡುವ ಮಗುವಿಗೂ ಗೊತ್ತಿರುವ ವಿಷಯ. ಈಗ ನನಗೂ ನೆನಪಾಯಿತು, ಆ ಮಧ್ಯಾಹ್ನ ಸ್ನಾನಕ್ಕೆಂದು ನಾನು ಬಿಚ್ಚಿ, ಡ್ರಮ್ಮಿನ ಮೇಲೆ ಇಟ್ಟು, ಮುಚ್ಚಳ ತೆಗೆಯುವಷ್ಟರಲ್ಲಿ ನಲ್ಲಿ ಬುಸ್ ಎಂದಿತ್ತು, ಮೈತುಂಬ ಸೆರಗು ಹೊದ್ದು ನೀರು ಬಂತೆಂದು ಕೂಗಲು ಓಡಿದ್ದೆ. ವಾಪಸು ಬರುವುದರೊಳಗೆ ಈ ಮಹಾಶಯ ಜೀರುಂಡೆಯ ಬಾಗಿಲಿಗೇ ನನ್ನ ಬೆವರಿನ ರವಿಕೆಯನ್ನು ತೋರಣ ಕಟ್ಟಿದ್ದಾನೆ.

"ಸಾಯದ ಹಾಗೆ ನೋಡ್ಕೊಂಡಿದೀನಿ ನೋಡು," ಎಂದ, ಸ್ವಲ್ಪ ಧೈರ್ಯ ಬಂದವನಂತೆ. "ಚಳಿ ಆಗ್ಬಾರ್ದು ಅಂತ ದಿನಾ ಕೆಂಡ ಉಳಿಸ್ತಿದ್ದೆ. ನಿನ್ನ ದನೀನೇ ಅಲ್ವಾ ಅದು? ಮಾಗಿಗೆ ಮುಂಚೆ ಬಿಟ್ಬಿಡ್ತಿದ್ದೆ. ಮನೆ ಒಂಚೂರು ತಣ್ಣಗಿತ್ತು... ಇನ್ನೊಂದ್ ನಾಕ್ ದಿನ ಇರ್ಲಿ ಅಂತ..."

ಹೊರಗೆ ಬಿಡಲು ಏನಾಗಿತ್ತು ನಿಮಗೆ ಎಂದು ಕೇಳಬೇಕು, ದನಿಯಿಲ್ಲ. ನಾನು ಟಾರ್ಚು ಹಿಡಿದು ಅಟ್ಟ ಹತ್ತುವಾಗ ಕೆಳಗೆ ಏಣಿ ಹಿಡಿದು ನಿಂತಿದ್ದಿರಲ್ಲ, ನಿಮಗೆ ನಾಚಿಕೆಯಾಗಲಿಲ್ಲವೆ ಎಂದು ಕೇಳಬೇಕು, ದನಿಯಿಲ್ಲ. ಕೋಪ ಗಂಟಲವರೆಗೆ ಬಂದು ಅಲ್ಲಿಂದ ಮುಂದೆ ದಾರಿ ಕಾಣದೆ ಕಣ್ಣಿಂದ ಇಳಿಯಿತು. ಅವನು ಅದನ್ನು ಅಳು ಎಂದುಕೊಂಡು ನನ್ನ ಭುಜ ಮುಟ್ಟಲು ಬಂದ. ಅವನ ಕಾಲು ಜೀರುಂಡೆಯ ಕಡೆ ಬರುತ್ತಿತ್ತು. ನಾನು ಎದೆಗೆ ಕೈ ಕೊಟ್ಟು ನೂಕಿದ ರಭಸಕ್ಕೆ ಬಚ್ಚಲಿನ ಹೊರಗೆ ಹೋಗಿ ಕೂತ.

ಬೆಲ್ಲದ ಬಟ್ಟಲು ಹಿಡಿದು ಹುಳವನ್ನು ಮೆಲ್ಲಗೆ ಅದರೊಳಕ್ಕೆ ಸರಿಸಿದೆ. ಸಂದಿಯಿಂದ ರವಿಕೆಯ ಚಿಂದಿಯನ್ನೂ ಕಿತ್ತುಕೊಂಡು, ಬಟ್ಟಲಿಗೆ ತಟ್ಟೆ ಮುಚ್ಚಿ ಎದೆಗೆ ಅವಚಿಕೊಂಡು ಬೀದಿಗೆ ಬಂದೆ. ನನ್ನ ಕೈಯಲ್ಲಿ ಬಟ್ಟಲು ಕಂಡೊಡನೆ ತಾಯಮ್ಮಜ್ಜಿ 'ಸಿಕ್ತಾ!' ಎಂದು ಚೀರಿದಳು. ಜನ ಹಿಂದೆ ಬಂದರು. ನಾಲೆಯ ಆಚೆ ದಡದ ಹುಲ್ಲಿನಲ್ಲಿ ಬಟ್ಟಲು ಓರೆ ಮಾಡಿದೆ. ಚಳಿಗೆ ಜೋಲುಬಿದ್ದಿದ್ದ ಹುಳ ಒಂದೆರಡು ಹೆಜ್ಜೆ ತೆವಳಿ, ಆಮೇಲೆ ನೆನಪಾದಂತೆ ಹಾರಿಹೋಯಿತು. ನನ್ನ ಗಂಟಲೊಳಗೆ ಬಿಸಿನೀರು ಕುಡಿದ ಹಾಗಾಯಿತು. ದನಿ ಬಂದಿದೆ ಎಂದು ಗೊತ್ತಾಯಿತು, ಆದರೆ ಆಡುವಂತಿಲ್ಲ. ತುಟಿ ಕಚ್ಚಿಕೊಂಡು ಮನೆಯವರೆಗೆ ನಡೆದೆ.

ಹೊಸ್ತಿಲ ಮುಂದೆ ಬೀದಿಯೆಲ್ಲ ಸೇರಿತು. ನನ್ನ ಅರ್ಧ ಮಾತು ಎಲ್ಲರಿಗೂ ನೆನಪಿತ್ತು, ಎಂಥ ಒಳ್ಳೆಯ ಮಾತು ಅದು! ಎಲ್ಲರ ಮುಖದಲ್ಲೂ ನಗು. ಅಷ್ಟರಲ್ಲಿ ನಾಗಭೂಷಣ ಒಳಗಿನಿಂದ ಬಂದ. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹೊಗಳಿಸಿಕೊಳ್ಳಲು ಬಂದು ನಿಂತಿದ್ದ! ಮಾತು ಪೂರ್ತಿ ಮಾಡದೆ ಇವಳು ಎಲ್ಲಿಗೆ ಹೋಗುತ್ತಾಳೆ, ಮಾಡಿದ ಮೇಲೆ ಎಲ್ಲರ ಎದುರಿಗೆ ಆಡಿದ್ದನ್ನು ಹೇಗೆ ವಾಪಸು ತೆಗೆದುಕೊಳ್ಳುತ್ತಾಳೆ ಎಂಬ ಲೆಕ್ಕಾಚಾರ ಅವನ ತುಟಿಯ ಅಂಚಿನಲ್ಲಿತ್ತು. ನಾನು ಹೊಸ್ತಿಲ ಮೇಲೆ ನಿಂತು, ಕೈಯಲ್ಲಿದ್ದ ನೇರಳೆ ಚಿಂದಿಯನ್ನು ಎತ್ತಿ ಹಿಡಿದೆ.

"ನಮ್ಮೆಜಮಾನ್ರಂಥವ್ರು ಈ ಬೀದೀಲಿ ಇನ್ನೊಬ್ರು ಯಾರಾದ್ರೂ ಇದ್ರೆ, ಅವ್ರ ಹೆಂಡ್ತೀರು ಈಗ್ಲೇ ಒಳಗ್ ಹೋಗಿ ರವಿಕೆ ಎಣಿಸ್ಕೊಳ್ಳಿ!"

ಮೇಲಿನ ತುದಿಯ ಮನೆಯವರೆಗೂ ಕೇಳಿಸಿತು. ಆಮೇಲೆ ನಾನು ಮಳೆಗಾಲವಿಡೀ ಕೂಡಿಟ್ಟದ್ದನ್ನೆಲ್ಲ ಬಿಚ್ಚಿದೆ. ಸುಣ್ಣ, ಸೌತೆಕಾಯಿ, ಮಂಡಿನೋವು, ಏಣಿ, ಒಂದನ್ನೂ ಬಿಡಲಿಲ್ಲ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರಿದ 'ನಮ್ಮೆಜಮಾನ್ರು' ನೆಲ ನೋಡುತ್ತಾ ನಿಂತಿದ್ದ. ಗಂಡಸರು ಕೆಮ್ಮಿದರು. ತಾಯಮ್ಮಜ್ಜಿ, "ಇನ್ನೊಂದು ಸಲ ಹೇಳೇ, ಆ ಸೌತೆಕಾಯಿದು" ಎಂದಳು.

ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು. ಸುಗುಣ. ಅವಳ ಹಿಡಿತ ಅಂದಿನ ಹಾಗೆಯೇ ಇತ್ತು, ಉಗುರು ಚುಚ್ಚುವಷ್ಟು. ನನ್ನನ್ನು ಎಳೆಯುತ್ತಿದ್ದಳು, ತನ್ನ ಮನೆಯ ಕಡೆಗೆ. ದಯಾನಂದ ಅಡ್ಡ ಬಂದು, "ವ್ರತದಲ್ಲಿದಾಳೆ, ಮುಟ್ಬೇಡಿ ಜಲಜಕ್ಕ, ಭಂಗ ಆಗುತ್ತೆ" ಎಂದ. ಈ ಸಲ ನಾನು ಕೈ ಬಿಡಿಸಿಕೊಳ್ಳಲಿಲ್ಲ. ನೀರು ಬಂದಾಗ ಹಾಕುವಂಥ ಕೂಗು ಹಾಕಿದೆ. ಬೀದಿಗೆ ಬೀದಿಯೇ ನಮ್ಮ ಹಿಂದೆ ಆ ಮನೆಯೊಳಗೆ ನುಗ್ಗಿತು.

ಸುಗುಣ ಮಂಚದ ಕೆಳಗೆ ಕೈ ತೋರಿಸಿದಳು. ಅಲ್ಲೊಂದು ಬೀಗ ಹಾಕಿದ ಟ್ರಂಕು, ಮುಚ್ಚಳದಲ್ಲಿ ಗಾಳಿಯಾಡಲು ಮೊಳೆಯಿಂದ ಕೊರೆದ ತೂತುಗಳು. ಕಿವಿಯಿಟ್ಟರೆ ಒಳಗಿನಿಂದ ಸಣ್ಣಗೆ ಜೀರ್ ಎನ್ನುತ್ತಿತ್ತು. ಬೀಗದ ಕೈ ಎಲ್ಲೆಂದು ಕೇಳಿದರೆ ದಯಾನಂದ ಬ್ಯಾಂಕಿನಲ್ಲಿ ಮರೆತೆ ಎಂದ. ನನ್ನ ಗಂಡನಿಗೆ ಸೋಮಾರಿತನದ ನೆಪವಾದರೂ ಇತ್ತು, ಈ ದಯಾನಂದ ಮೊಳೆ ಹೊಡೆದು ಲೆಕ್ಕ ಹಾಕಿ ಮಾಡಿದ್ದಾನೆ. ವ್ರತವಂತೆ, ಅದಕ್ಕೆ ನಾವೆಲ್ಲ ಕೈಮುಗಿದದ್ದೂ ಆಯಿತು! ಆ ಹೊತ್ತಿಗೆ ಜನರ ನಡುವೆ ದಾರಿ ಮಾಡಿಕೊಂಡು ನಾಗಭೂಷಣ ಹಾರೆ ತಂದ. ನನಗೆ ಕೊಟ್ಟು, ಏನೋ ಒಳ್ಳೆಯ ಕೆಲಸ ಮಾಡಿದವನ ಹಾಗೆ ನನ್ನ ಮುಖ ನೋಡಿದ.

"ಹಾರೆ ಸರಿ," ಎಂದೆ. "ಸಿಮೆಂಟ್ ಎಲ್ರೀ?"

ಅವನು ತಿರುಗಿ ಅಂಗಡಿಯ ಕಡೆ ಓಡಿದ. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಓಡಲಿ. ನಾನು ಬೀಗ ಮುರಿದೆ. ಟ್ರಂಕಿನೊಳಗೆ ಹಸಿರು ರವಿಕೆಯ ಚೂರುಗಳ ನಡುವೆ ಹುಳ ಸೊರಗಿ ಕೂತಿತ್ತು, ಆದರೆ ಮೀಸೆ ಆಡಿಸಿತು.

ನಾಲೆಯಿಂದ ವಾಪಸು ಬರುವಾಗ ಕತ್ತಲಾಗುತ್ತಿತ್ತು. ಸುಗುಣಳ ಅರ್ಧ ಮಾತು ಏನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಅದು ನಿಂತದ್ದು ಮುಚ್ಚಿದ ಬಾಗಿಲಿನ ಒಳಗೆ, ಕೇಳಿಸಿಕೊಂಡವನು ಗಂಡನೊಬ್ಬನೇ. ದಯಾನಂದ ತಲೆ ಬಾಚಿಕೊಂಡಿರಲಿಲ್ಲ, ಒಳ್ಳೆಯ ಅಂಗಿ ಹಾಕಿಕೊಂಡಿರಲಿಲ್ಲ. ಚಪ್ಪಲಿ ಹುಡುಕುತ್ತಿದ್ದ. ನಾನು ನಮ್ಮ ಮನೆಯ ಸ್ಟೂಲು ತಂದು ಅವನ ಮನೆಯ ಗೇಟಿಗೆ ಅಡ್ಡಲಾಗಿ ಹಾಕಿಕೊಂಡು ಕೂತೆ. ತಾಯಮ್ಮಜ್ಜಿ ಎಲ್ಲರನ್ನೂ ಸುಮ್ಮನಿರಿಸಿದಳು. ಸುಗುಣ ಹೊಸ್ತಿಲ ಮೇಲೆ ನೆಟ್ಟಗೆ ನಿಂತು, ಗಂಡನನ್ನೇ ನೋಡುತ್ತಾ ಗಂಟಲು ಸರಿಮಾಡಿಕೊಂಡಳು.